ಹರಿಯದೆ ಬಿಟ್ಟ ಪಟ್ಟಿ

ಜನವರಿ 11

ಅಪ್ಪನಿಗೆ,

ಫೋನ್ ಮಾಡಿದರೆ ನಿಮ್ಮಿಂದ ಎರಡು "ಹೂಂ", ಒಂದು "ಅಮ್ಮನಿಗೆ ಕೊಡ್ತೀನಿ", ಅಷ್ಟೇ. ಕಾಗದದಲ್ಲಾದರೆ ನಾಲ್ಕು ಸಾಲು ಹೆಚ್ಚು ಬರೆಯುತ್ತೀರಿ. ಅದಕ್ಕೇ ಈ ವರ್ಷವೂ ಅಂಚೆಯವನ ಕಾಲಿಗೆ ಕೆಲಸ ಕೊಡುತ್ತಿದ್ದೇನೆ.

ಹಾಸ್ಟೆಲಿನಲ್ಲಿ ನನ್ನ ಕೋಣೆಯವಳ ಅಪ್ಪ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾರೆ. ಊಟ ಆಯ್ತಾ, ಏನು ಊಟ, ಯಾಕೆ ಅಷ್ಟೇ ಊಟ. ಅವಳಿಗೆ ತಲೆ ಚಿಟ್ಟು ಹಿಡಿದಿದೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಇಪ್ಪತ್ತೊಂಬತ್ತು ವರ್ಷದಲ್ಲಿ ನೀವು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಪರೀಕ್ಷೆ ಹೇಗಾಯಿತು ಎಂದು ಕೇಳಲಿಲ್ಲ, ಮದುವೆ ಯಾವಾಗ ಎಂದೂ ಕೇಳಲಿಲ್ಲ. ಎರಡನೆಯದಕ್ಕೆ ಕೈಮುಗಿಯುತ್ತೇನೆ. ಮೊದಲನೆಯದನ್ನು ಒಮ್ಮೆಯಾದರೂ ಕೇಳಬಹುದಿತ್ತು.

ಇರಲಿ. ಅಮ್ಮ ತನ್ನ ಹೊಲಿಗೆ ಅಂಗಡಿಗೆ ಬಂದವರಿಗೆಲ್ಲ "ಮಗಳು ರಾಜಕೀಯ ಓದ್ತಿದಾಳೆ" ಎನ್ನುತ್ತಾಳಂತೆ. ಅವರು ನಾನು ಚುನಾವಣೆಗೆ ನಿಲ್ಲುತ್ತೇನೆಂದು ತಿಳಿದಿದ್ದಾರೆ. ಹಾಗಲ್ಲ ಎಂದು ಹೇಳಿ. ನಾನು ಮಾಡುವುದು ದೇಶ ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ. ಸರ್ಕಾರ ಬೇರೆ, ಪ್ರಭುತ್ವ ಬೇರೆ. ಸರ್ಕಾರ ಬರುತ್ತದೆ, ಹೋಗುತ್ತದೆ. ಕಚೇರಿ, ಪೊಲೀಸು, ಗಣತಿ, ಸೀಲು, ಇವು ಉಳಿಯುತ್ತವೆ. ಅದು ಪ್ರಭುತ್ವ. ಇನ್ನು ಆಳುವ ಹಕ್ಕು ಇವರಿಗಿದೆ ಎಂದು ಜನ ಮನಸ್ಸಿನಲ್ಲೇ ಒಪ್ಪಿಕೊಳ್ಳುತ್ತಾರಲ್ಲ, ಅದಕ್ಕೆ ನಮ್ಮ ಪುಸ್ತಕಗಳು ಮಾನ್ಯತೆ ಎನ್ನುತ್ತವೆ. ಮತವನ್ನೇ ಕೇಳದ ಸರ್ಕಾರವನ್ನೂ ಜನ ಕೆಲವೊಮ್ಮೆ ಒಪ್ಪುತ್ತಾರೆ. ಯಾಕೆ? ಹೆದರಿಕೆಗಾ, ರೂಢಿಗಾ, ಇಲ್ಲ ನಲ್ಲಿಯಲ್ಲಿ ನೀರು ಬರುತ್ತದೆ, ರೈಲು ಹೊತ್ತಿಗೆ ಸರಿಯಾಗಿ ಹೊರಡುತ್ತದೆ ಎಂದಾ? ನನ್ನ ಪ್ರಬಂಧದ ಪ್ರಶ್ನೆ ಇಷ್ಟೇ. ನಾಲ್ಕು ವರ್ಷ ಇದನ್ನೇ ಅಗಿಯುತ್ತಿದ್ದೇನೆ, ಈಗ ರುಚಿಯೂ ಗೊತ್ತಾಗುತ್ತಿಲ್ಲ.

ಮೂರು ದೇಶದ ಮೂರು ಊರು ತೆಗೆದುಕೊಂಡಿದ್ದೇನೆ. ಒಂದು ನಮ್ಮದೇ. ನೀವೆಲ್ಲ "ಆ ಕಾಲ" ಎನ್ನುತ್ತೀರಲ್ಲ, ಚುನಾವಣೆ ಮುಂದಕ್ಕೆ ಹಾಕಿದ್ದ ಆ ಕಾಲದ ಒಂದು ಸಮೀಕ್ಷೆ ಇಲ್ಲಿನ ದಾಖಲೆಕೋಣೆಯಲ್ಲಿ ಸಿಕ್ಕಿದೆ. ಮೂವತ್ತೊಂದು ವರ್ಷ ಹಿಂದಿನದು. ನೀವು ಆಗ ಆ ಸಮೀಕ್ಷೆ ನಡೆಸಿದ ಕಚೇರಿಯಲ್ಲೇ ಇದ್ದಿರಿ ಅಲ್ಲವೆ? ನೆನಪಿದ್ದಷ್ಟು ಬರೆಯಿರಿ.

ನಿಮ್ಮ,
ಚೂಟಿ


ಜನವರಿ 29

ಚೂಟಿಗೆ,

ಕಾಗದ ತಲುಪಿತು. ಮೂರು ಸಲ ಓದಿದೆ. ಒಂದು ಸಲ ಕನ್ನಡಕವಿಲ್ಲದೆ, ಆಮೇಲೆ ಎರಡು ಸಲ ಹಾಕಿಕೊಂಡು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಮ್ಮನಿಗೆ ಶಾಲೆಯ ಸಮವಸ್ತ್ರದ ಕೆಲಸ ಬಂದಿದೆ, ಬೆನ್ನುನೋವು ಜೊತೆಗೇ ಬಂದಿದೆ. ನಮ್ಮ ಕಟ್ಟಡದ ಮೇಲಿನ ನೀರಿನ ಟ್ಯಾಂಕ್ ತೊಳೆದು ಏಳು ತಿಂಗಳಾಗಿತ್ತು. ಹನ್ನೆರಡು ಮನೆ. ನೀರು ವಾಸನೆ ಬರುತ್ತಿದೆ ಎಂದು ಹನ್ನೆರಡು ಮನೆಯವರೂ ಮೆಟ್ಟಿಲಿನಲ್ಲಿ ಹೇಳಿಕೊಳ್ಳುತ್ತಿದ್ದರು. ಹೋದ ಭಾನುವಾರ ನಾನೇ ಬ್ರಷ್ ಹಿಡಿದು ಇಳಿದೆ. ಎಲ್ಲರೂ ಬಂದು ಇಣುಕಿ ನೋಡಿ, "ಪುಣ್ಯ ಕಟ್ಕೊಂಡ್ರಿ ಬಿಡಿ" ಎಂದು ಹೇಳಿ ಇಳಿದು ಹೋದರು. ಹೋದ ವರ್ಷ ನೀನು ಪುಕ್ಕಟೆ ಸವಾರರು ಎಂದು ಬರೆದಿದ್ದೆ, ಎಲ್ಲರಿಗೂ ಬೇಕಾದ ಕೆಲಸಕ್ಕೆ ಪಕ್ಕದವನು ಕೈ ಹಾಕಲಿ ಎಂದು ಕಾಯುವವರು ಎಂದು. ಅವರನ್ನು ನೋಡಲು ನೀನು ಮೂರು ದೇಶ ತಿರುಗಬೇಕಿರಲಿಲ್ಲ.

ಆ ಕಾಲದ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಊರು ಶಾಂತವಾಗಿತ್ತು. ರೈಲು ಹೊತ್ತಿಗೆ ಬರುತ್ತಿತ್ತು, ಅದು ನಿಜ. ನಾನು ಕೆಳಗಿನ ದರ್ಜೆಯವನು, ಹಾಳೆ ಕೊಟ್ಟರೆ ತುಂಬಿಸುತ್ತಿದ್ದೆ. ಹಳೇ ವಿಷಯ ಕೆದಕುವುದಕ್ಕಿಂತ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುವುದು ಒಳ್ಳೆಯದು.

ಕಿಟಕಿಯ ಹತ್ತಿರ ಕೂತು ಓದು. ಕಣ್ಣು ಹೋದರೆ ಬರುವುದಿಲ್ಲ.

ಇತಿ,
ಅಪ್ಪ


ಮಾರ್ಚ್ 3

ಅಪ್ಪನಿಗೆ,

ಕಳ್ಳ ಸಿಕ್ಕಿಬಿದ್ದ.

ದಾಖಲೆಕೋಣೆಯ ಪರದೆಯ ಮೇಲೆ ನಮ್ಮ ಊರಿನ ಹಾಳೆಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ನಾಲ್ಕನೇ ಬೀದಿ, ಇನ್ನೂರ ಹನ್ನೆರಡು ಹಾಳೆ, ಹದಿನಾಲ್ಕನೇ ನಂಬರಿನ ಸಮೀಕ್ಷಕ. ಹನ್ನೊಂದನೇ ಪ್ರಶ್ನೆ: ಸರ್ಕಾರದ ಮೇಲೆ ನಿಮಗೆ ಎಷ್ಟು ನಂಬಿಕೆ, ಒಂದರಿಂದ ಹತ್ತರೊಳಗೆ ಹೇಳಿ. ಉತ್ತರ ಏಳು. ಆ ಏಳರ ಹೊಟ್ಟೆಗೆ ಒಂದು ಅಡ್ಡಗೆರೆ, ಗೆರೆಯ ತುದಿಗೆ ಸಣ್ಣ ಕೊಕ್ಕೆ. ಗ್ಯಾಸ್ ಬಂದ ದಿನವನ್ನು ನೀವು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅದೇ ಏಳು. ಹಾಳೆ ತುಂಬಿಸುತ್ತಿದ್ದೆ ಎಂದು ಬರೆದಿರಿ, ಅದು ಇದೇ ಹಾಳೆ ಎಂದು ಬರೆಯಲಿಲ್ಲ. ನಾನು ಹುಟ್ಟುವ ಮೊದಲಿನ ಅಪ್ಪ ಪರದೆಯ ಮೇಲೆ ಸಿಕ್ಕಿದ ಖುಷಿಗೆ ಎದ್ದು ಹೋಗಿ ಒಬ್ಬಳೇ ಚಹಾ ಕುಡಿದು ಬಂದೆ.

ನಿಮ್ಮ ಬೀದಿ ನನ್ನ ಪ್ರಬಂಧದ ಬೆನ್ನೆಲುಬು ಆಗಿದೆ. ಏಳು, ಏಳು, ಎಂಟು, ಏಳು, ಆರು. ಉಳಿದೆರಡು ದೇಶಗಳಲ್ಲಿ ನಾನು ಇಲ್ಲಿಯವರೆಗೆ ನೋಡಿದ ಯಾವ ಬೀದಿಯಲ್ಲೂ ಇಷ್ಟು ಸಮನಾದ ನಂಬಿಕೆ ಇಲ್ಲ. ಮತ ಇಲ್ಲದಿದ್ದರೂ ಕೆಲಸ ನಡೆಯುತ್ತಿತ್ತು, ಅದಕ್ಕೇ ಜನ ಒಪ್ಪಿದ್ದರು ಎಂಬ ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ ಎಂದು ಗೈಡ್ ಮೇಡಂ ಹೇಳಿದರು. ಅವರು ಹೊಗಳಿದ್ದು ನಾಲ್ಕು ವರ್ಷದಲ್ಲಿ ಇದು ಎರಡನೇ ಸಲ.

ಒಂದೇ ಒಂದು ಹಾಳೆ ಹೊಂದುವುದಿಲ್ಲ. ಮೊದಲನೇ ಹಾಳೆಯೇ. ಅದರಲ್ಲಿ ಉತ್ತರ ಒಂದು. ಇನ್ನೂರ ಹನ್ನೊಂದು ಮನೆ ಒಂದು ಕಡೆ, ಇದು ಒಂದು ಕಡೆ. ಹೊಸ ಕೆಲಸ, ಕೈ ತಪ್ಪಿ ಬರೆದಿರುತ್ತಾರೆ, ತೆಗೆದುಬಿಡು ಎಂದರು ಮೇಡಂ. ತೆಗೆದೆ. ಮನೆ ಯಾವುದೆಂದು ತಿಳಿಯದಂತೆ ಪ್ರತಿ ಹಾಳೆಯ ಮೇಲಿನ ಪಟ್ಟಿ ಹರಿದಿದೆಯಲ್ಲ, ಎಲ್ಲವೂ ಕೈಯಲ್ಲಿ ಹರಿದವು, ಅಂಚು ಒರಟು. ಆ ಮೊದಲನೇ ಹಾಳೆಯದು ಮಾತ್ರ ಕತ್ತರಿಯಲ್ಲಿ ನೇರವಾಗಿ ಕತ್ತರಿಸಿದ್ದು. ನಿಮಗೇನಾದರೂ ನೆನಪಿದೆಯೆ?

ಹಾಗೆಯೇ ಅಮ್ಮನ ತಮ್ಮ, ನಮ್ಮ ರೇಡಿಯೋ ಮಾವನ ಅಂಗಡಿ ಇದ್ದದ್ದು ನಾಲ್ಕನೇ ಬೀದಿಯಲ್ಲೇ ತಾನೆ? ನಾನು ಹುಟ್ಟುವ ಮೊದಲೇ ಕೆಲಸಕ್ಕೆಂದು ಎಲ್ಲಿಗೋ ಹೋದವರು, ಒಂದು ಕಾಗದವನ್ನೂ ಹಾಕದ ಮನುಷ್ಯ. ಅವರು ಎಷ್ಟು ಹೇಳಿದ್ದರೋ. ಅವರ ರೇಡಿಯೋ ನಮ್ಮ ಕಪಾಟಿನ ಮೇಲೆ ಇನ್ನೂ ಕೂತಿದೆಯೆ? ಯಾರೂ ಹಚ್ಚುವುದಿಲ್ಲ, ಯಾರಿಗೂ ಕೊಡುವುದೂ ಇಲ್ಲ.

ನಿಮ್ಮ,
ಚೂಟಿ


ಮಾರ್ಚ್ 19

ಚೂಟಿಗೆ,

ಬೇರೆ ಊರು ತೆಗೆದುಕೋ. ಆ ಹಾಳೆಗಳು ಪ್ರಯೋಜನಕ್ಕೆ ಬರುವುದಿಲ್ಲ. ಹೆಚ್ಚು ಬರೆಯಲು ಕೈ ಓಡುತ್ತಿಲ್ಲ.

ಅಪ್ಪ


ಏಪ್ರಿಲ್ 14

ಅಪ್ಪನಿಗೆ,

ನಿಮ್ಮ ಮೂರು ಸಾಲಿಗೆ ಉತ್ತರ ಬರೆಯಲು ನನಗೆ ಮೂರು ವಾರ ಹಿಡಿಯಿತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿದಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಬೇರೆ ಊರು ತೆಗೆದುಕೋ ಎನ್ನುವುದು ಬೇರೆ ಬಟ್ಟೆ ಹಾಕಿಕೋ ಎಂದಂತಲ್ಲ. ಜೂನ್ ಮೂವತ್ತಕ್ಕೆ ಪ್ರಬಂಧ ಒಪ್ಪಿಸಬೇಕು. ಆ ಊರನ್ನು ತೆಗೆದರೆ ಉಳಿಯುವುದು ಎರಡು ಕಾಲಿನ ಮುಕ್ಕಾಲಿ. ಕಾರಣ ಹೇಳಿ. ಕೆಲಸ ಸರಿಯಾಗಿ ಮಾಡಿರಲಿಲ್ಲವೆ? ಬಿಸಿಲಿಗೆ ಬೇಸತ್ತು ಮನೆಗೆ ಹೋಗದೆ ಎಲ್ಲೋ ಕೂತು ತುಂಬಿಸಿದಿರಾ? ಹಾಗಿದ್ದರೆ ಹಾಗೆಂದು ಹೇಳಿ, ನಾನೇನು ನಿಮ್ಮ ಮೇಲಧಿಕಾರಿ ಅಲ್ಲ. ಯಜಮಾನ ಒಬ್ಬ ಇರುತ್ತಾನೆ, ಅವನ ಕೆಲಸ ಮಾಡಲು ಆಳು ಇರುತ್ತಾನೆ, ಆಳು ಏನು ಮಾಡುತ್ತಿದ್ದಾನೆಂದು ಯಜಮಾನನಿಗೆ ಕಾಣುವುದಿಲ್ಲ. ನಮ್ಮ ವಿಷಯದಲ್ಲಿ ಇದರ ಮೇಲೆ ಕಪಾಟುಗಟ್ಟಲೆ ಪುಸ್ತಕಗಳಿವೆ. ನನ್ನ ಅಪ್ಪನೇ ಅದಕ್ಕೆ ಉದಾಹರಣೆ ಆಗಬಹುದೆಂದು ಮಾತ್ರ ಹೊಳೆದಿರಲಿಲ್ಲ.

ನಿಮ್ಮ ಮೌನ ನನಗೆ ಸಾಕಾಗಿದೆ ಅಪ್ಪ. ಚಿಕ್ಕವಳಿದ್ದಾಗ ಜ್ವರ ಬಂದರೆ ನೀವು ಎಲ್ಲಿ ನೋವು ಎಂದು ಕೇಳುತ್ತಿರಲಿಲ್ಲ, ಬಂದು ಹಣೆ ಮುಟ್ಟಿ ಹೋಗುತ್ತಿದ್ದಿರಿ. ಅಪ್ಪನ ರೀತಿಯೇ ಹಾಗೆ ಎಂದುಕೊಂಡು ಬೆಳೆದೆ. ಈಗ ಯೋಚಿಸಿದರೆ ನಿಮಗೆ ನನ್ನ ಉತ್ತರ ಯಾವತ್ತೂ ಬೇಕಿರಲಿಲ್ಲ ಅನ್ನಿಸುತ್ತದೆ.

ಕಾರಣ ಬರೆಯದಿದ್ದರೆ ಹಾಳೆಗಳನ್ನು ಇದ್ದಂತೆಯೇ ಬಳಸುತ್ತೇನೆ.

ಚೂಟಿ


ಮೇ 8

ಚೂಟಿಗೆ,

ಇದು ಐದನೇ ಕಾಗದ. ಮೊದಲಿನ ನಾಲ್ಕನ್ನೂ ಹರಿದು ಹಾಕಿದೆ. ಇದನ್ನು ಓದಿಕೊಳ್ಳದೆಯೇ ಅಂಚೆಗೆ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಮ್ಮ ಕೆಲಸದಲ್ಲಿ ಒಂದು ರೂಢಿ ಇತ್ತು. ಹೊಸ ಪ್ರಶ್ನೆಪಟ್ಟಿ ಕೈಗೆ ಬಂದ ದಿನ ಗುರುತಿನ ಮನೆಯಿಂದ ಶುರು ಮಾಡುವುದು. ಕೂರಲು ಕುರ್ಚಿ ಸಿಗುತ್ತದೆ, ಕುಡಿಯಲು ನೀರು ಸಿಗುತ್ತದೆ, ತೊದಲಿದರೂ ನಗುವವರಿರುವುದಿಲ್ಲ. ನಾಲಗೆ ಪಳಗಿದ ಮೇಲೆ ಅಪರಿಚಿತರ ಬಾಗಿಲು ತಟ್ಟುವುದು. ಹಿರಿಯರು ಹೇಳಿಕೊಟ್ಟದ್ದು ಹಾಗೆ. ನಾಲ್ಕನೇ ಬೀದಿಯಲ್ಲಿ ನನಗೆ ಗುರುತಿನ ಮನೆ ನಿನ್ನ ರೇಡಿಯೋ ಮಾವನದು. ಮುಂದೆ ಅಂಗಡಿ, ಹಿಂದೆ ಮನೆ.

ಅವನು ಯಾವುದೋ ರೇಡಿಯೋದ ಹೊಟ್ಟೆ ಬಿಚ್ಚಿ ಬೆಸುಗೆ ಹಾಕುತ್ತಿದ್ದ. ತಲೆ ಎತ್ತಲಿಲ್ಲ. ವಯಸ್ಸು, ಓದು, ಮನೆಮಂದಿ ಎಲ್ಲ ಬರೆದುಕೊಂಡು ಹನ್ನೊಂದನೇ ಪ್ರಶ್ನೆಗೆ ಬಂದೆ.

"ಭಾವ, ನಿಮ್ಮ ಹಾಳೇಲಿ ಸೊನ್ನೆ ಇಲ್ವಾ?" ಅಂದ.

"ಇಲ್ಲ ಮಾರಾಯ, ಒಂದರಿಂದ ಶುರು" ಅಂದೆ.

"ಹಂಗಾದ್ರೆ ಒಂದು ಬರ್ಕೊಳ್ಳಿ. ನಾನು ಧಾರಾಳಿ" ಅಂದ.

ಇಬ್ಬರೂ ನಕ್ಕೆವು. ಒಂದು ಎಂದು ಬರೆದೆ.

ಮನೆ ನಂಬರು, ಹೆಸರು ಇರುವ ಮೇಲಿನ ಪಟ್ಟಿಯನ್ನು ಮನೆಯವರ ಕಣ್ಣೆದುರೇ ಹರಿದು ಅವರ ಕೈಗೆ ಕೊಡಬೇಕು. ನಿಯಮವೇ ಹಾಗೆ. ಆಗ ಜನಕ್ಕೆ ಧೈರ್ಯ ಬರುತ್ತದೆ, ಬಾಯಿ ಬಿಡುತ್ತಾರೆ. ಇವನಿಗೆ ಧೈರ್ಯ ತುಂಬುವ ಅಗತ್ಯವಿರಲಿಲ್ಲ. ಹೆಂಡತಿಯ ತಮ್ಮ, ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಊಟ ಮಾಡುವವನು. ಅವನ ಎದುರು ಪರ್ ಎಂದು ಕಾಗದ ಹರಿದು ಕೊಡುವುದು ನಾಟಕ ಅನ್ನಿಸಿತು. ಹರಿಯಲಿಲ್ಲ. ಹಾಳೆಯನ್ನು ಹಾಗೇ ಚೀಲಕ್ಕೆ ಹಾಕಿದೆ. ಹೊರಗಿನವರಾಗಿದ್ದರೆ ಹರಿಯುತ್ತಿದ್ದೆ. ನಮ್ಮವನು ಎಂದು ಬಿಟ್ಟೆ.

ಮೊದಲನೇ ಹಾಳೆಯನ್ನು ಕಚೇರಿಯವರು ನೋಡಿ ಒಪ್ಪುವ ತನಕ ಎರಡನೇ ಮನೆಗೆ ಹೋಗುವಂತಿರಲಿಲ್ಲ, ಸಂಜೆ ಅದೊಂದನ್ನೇ ಕಚೇರಿಗೆ ಒಪ್ಪಿಸಿದೆ. ನಾಲ್ಕನೇ ದಿನ ಬೆಳಿಗ್ಗೆ ಇಬ್ಬರು ಬಂದು, ಮಾತಾಡುವುದಿದೆ ಎಂದು ಹೇಳಿ ಅವನನ್ನು ಕರೆದುಕೊಂಡು ಹೋದರು. ಬೆಸುಗೆಯ ಕಡ್ಡಿ ಇನ್ನೂ ಬಿಸಿ ಇತ್ತೆಂದು ಪಕ್ಕದ ಅಂಗಡಿಯವರು ಹೇಳಿದರು. ಅವನು ಮತ್ತೆ ಬರಲಿಲ್ಲ. ಬೇರೆ ಕಡೆ ಕೆಲಸಕ್ಕೆ ಹೋದ ಎಂಬುದು ನಿನಗೆ ನಾವು ಕಟ್ಟಿದ ಕಥೆ.

ಮೇಲ್ವಿಚಾರಕರ ಮುಂದೆ ಹೋಗಿ ನಿಂತೆ. "ಅವನು ಏನೇನು ಮಾತಾಡಿಕೊಂಡಿದ್ದನೋ, ಯಾರು ಹೇಳಿದರೋ. ನಿನ್ನ ಹಾಳೆಗೂ ಅದಕ್ಕೂ ಏನ್ ಸಂಬಂಧ" ಎಂದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಬಾಯಿಬಡುಕ, ಅಂಗಡಿಗೆ ಬಂದ ಯಾರೋ ಚಾಡಿ ಹೇಳಿರಬಹುದು. ಮೂವತ್ತೊಂದು ವರ್ಷ ಅದನ್ನೇ ಹಿಡಿದು ಬದುಕಿದೆ. ಪಟ್ಟಿಯನ್ನು ಕತ್ತರಿಯಲ್ಲಿ ಕತ್ತರಿಸಿದ್ದಾರೆ ಎಂದು ನೀನು ಬರೆದ ದಿನ ಆ ಹಿಡಿ ತಪ್ಪಿತು. ಕತ್ತರಿಸಿ ಇಟ್ಟುಕೊಂಡವರಿಗೆ ಆ ಪಟ್ಟಿ ಬೇಕಿತ್ತು.

ಅದಾದ ಮೇಲಿನ ಸೋಮವಾರ ಎರಡನೇ ಮನೆಗೆ ಹೋದೆ. ಒಬ್ಬರು ಅಜ್ಜಿ, ಬಾಗಿಲು ಹಿಡಿದೇ ನಿಂತಿದ್ದರು. "ಏನ್ ಹೇಳ್ಬೇಕು ಅಂತ ನೀನೇ ಹೇಳ್ಬಿಡಪ್ಪ" ಎಂದರು. ನಾನು ಏಳು ಎಂದು ಬರೆದೆ. ಹತ್ತು ಬರೆದರೆ ನಗುತ್ತಾರೆ, ಐದು ಬರೆದರೆ ವಿಚಾರಿಸುತ್ತಾರೆ, ಏಳಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಮೇಲೆ ಎಲ್ಲ ಮನೆಯಲ್ಲೂ ಹಾಗೇ. ಎಲ್ಲವೂ ಒಂದೇ ಥರ ಇದ್ದರೆ ಅನುಮಾನ ಬರುತ್ತದೆಂದು ಮಧ್ಯೆ ಎಂಟು, ಮಧ್ಯೆ ಆರು. ಪ್ರತಿಯೊಬ್ಬರ ಎದುರೂ ಪಟ್ಟಿ ಹರಿದು ಕೈಗೆ ಕೊಟ್ಟೆ. ನೀನು ಬೆನ್ನೆಲುಬು ಎಂದದ್ದು ಅದನ್ನು. ಆ ಬೀದಿಯಲ್ಲಿ ನಿಜವಾದ ಉತ್ತರ ಒಂದೇ. ನಿಮ್ಮ ಮೇಡಂ ತೆಗೆದುಬಿಡು ಎಂದದ್ದು.

ಇನ್ನೂರು ಮನೆ ಕಾಪಾಡಿದೆ ಎಂದುಕೊಂಡಿದ್ದೆ. ಮೂರು ತಿಂಗಳಾದ ಮೇಲೆ ಸಮೀಕ್ಷೆಯ ಫಲಿತಾಂಶವನ್ನು ರೇಡಿಯೋದಲ್ಲಿ ಓದಿದರು. ಜನರ ನಂಬಿಕೆ ಇಷ್ಟಿರುವಾಗ ಚುನಾವಣೆಗೆ ಅವಸರವಿಲ್ಲ ಎಂದರು. ಅವನೇ ರಿಪೇರಿ ಮಾಡಿಕೊಟ್ಟ ರೇಡಿಯೋ. ನಿನ್ನ ಅಮ್ಮ ಎದ್ದು ಹೋಗಿ ಆರಿಸಿದಳು, ಮತ್ತೆ ಹಚ್ಚಲಿಲ್ಲ. ಬೀದಿಯಲ್ಲಿ ಪ್ರತಿಯೊಬ್ಬರೂ ಪಕ್ಕದ ಮನೆಯವರು ಮನಸಾರೆ ಏಳು ಹೇಳಿದ್ದಾರೆ, ತಾನೊಬ್ಬನೇ ಬೇರೆ ಎಂದುಕೊಂಡರು. ಟ್ಯಾಂಕಿನ ನೀರು ವಾಸನೆ ಬರುತ್ತಿದೆ ಎಂದು ಮೆಟ್ಟಿಲಿನಲ್ಲಿ ಹೇಳಿಕೊಳ್ಳುವಷ್ಟೂ ಆಗ ಆಗಲಿಲ್ಲ. ಆಳುತ್ತಿದ್ದವರು ಇನ್ನೂ ಆರು ವರ್ಷ ಕೂತರು. ಅದರಲ್ಲಿ ನನ್ನ ಪಾಲು ಎಷ್ಟೆಂದು ನಿನ್ನ ಪುಸ್ತಕಗಳು ಹೇಳಿದರೆ ತಿಳಿಸು.

ನಿನ್ನ ಅಮ್ಮ ಎರಡು ವರ್ಷ ಅರ್ಜಿ ಹಿಡಿದು ಕಿಟಕಿಯಿಂದ ಕಿಟಕಿಗೆ ಅಲೆದಳು. ಅರ್ಜಿ ಬರೆದುಕೊಟ್ಟವನು ನಾನು. ಪ್ರತಿ ಅರ್ಜಿಯಲ್ಲೂ "ಕಾರಣ ತಿಳಿದಿಲ್ಲ" ಎಂದು ಬರೆದೆ. ಅವಳಿಗೆ ಇಂದಿಗೂ ಹೇಳಿಲ್ಲ. ಕಚೇರಿಯನ್ನೂ ಬಿಡಲಿಲ್ಲ. ಸರ್ಕಾರ ಬದಲಾಯಿತು, ಸೀಲು ಬದಲಾಯಿತು, ನನ್ನ ಕುರ್ಚಿ ಅಲ್ಲೇ ಇತ್ತು.

ನಿನ್ನ ಉತ್ತರ ನನಗೆ ಬೇಡವಾಗಿತ್ತು ಎಂದು ಬರೆದಿದ್ದೀಯ. ಹಾಗಲ್ಲ ಮಗಳೇ. ಕೇಳಿದರೆ ಉತ್ತರ ಬರುತ್ತದೆ. ಬಂದ ಉತ್ತರವನ್ನು ಜೋಪಾನ ಮಾಡುವ ಯೋಗ್ಯತೆ ನನಗಿಲ್ಲ ಎಂದು ಒಂದು ಸಲ ಗೊತ್ತಾಯಿತು. ಅಂದಿನಿಂದ ಬಾಯಿ ಬರುವುದಿಲ್ಲ. ಹಣೆ ಮುಟ್ಟಿದರೆ ಜ್ವರ ತಿಳಿಯುತ್ತದೆ, ಅಷ್ಟು ಸಾಕು ಎಂದುಕೊಂಡೆ.

ಇತಿ,
ಅಪ್ಪ


ಮೇ 27

ಅಪ್ಪನಿಗೆ,

ನಿಮ್ಮ ಕಾಗದ ಬಂದು ಹನ್ನೆರಡು ದಿನವಾಯಿತು. ಪ್ರತಿದಿನ ದಾಖಲೆಕೋಣೆಗೆ ಹೋಗಿ ಕೂತು ಬರುತ್ತೇನೆ. ಕೆಲಸ ಆಗುವುದಿಲ್ಲ, ಆದರೂ ಹೋಗುತ್ತೇನೆ.

ಯಾವುದಾದರೂ ಹಾಳೆಯನ್ನು ತೆಗೆದುಹಾಕಿದರೆ ಪಕ್ಕದಲ್ಲಿ ಕಾರಣ ಬರೆಯಬೇಕೆಂಬ ನಿಯಮ ನಮ್ಮಲ್ಲೂ ಇದೆ. ಮೊದಲನೇ ಹಾಳೆಯ ಪಕ್ಕದಲ್ಲಿ ನಾನೇ ಬರೆದಿದ್ದೇನೆ: "ತಪ್ಪು ನಮೂದು." ಮಾವನನ್ನು ಅವರು ಒಂದು ಸಲ ತೆಗೆದರು, ಎರಡನೇ ಸಲ ನಾನು ತೆಗೆದೆ. ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ನನ್ನ ಮೇಲೂ ಇದೆ. ಒಬ್ಬ ಮನುಷ್ಯ ಇನ್ನೂರು ಜನರಂತೆ ಇಲ್ಲದಿದ್ದರೆ ಅವನದೇ ತಪ್ಪೆಂದು ನಂಬುವುದಕ್ಕೆ ನನಗೆ ಯಾವ ಪೊಲೀಸೂ ಬೇಕಾಗಲಿಲ್ಲ.

ಆ ಹಾಳೆಯನ್ನು ವಾಪಸು ಹಾಕಿದ್ದೇನೆ. ಮೇಡಂಗೆ ಅರ್ಧ ಹೇಳಿದೆ, ಮನೆಯ ವಿಷಯ ಹೇಳಲಿಲ್ಲ. ಅವರು "ಜೂನ್ ಮೂವತ್ತು ಮರೆತುಬಿಡು, ಇನ್ನೊಂದು ವರ್ಷ ಬೇಕು" ಎಂದರು. ಆಮೇಲೆ ಎರಡನೇ ದೇಶದ ಊರಿನ ಹಾಳೆಗಳನ್ನು ತೆಗೆದು ಇಬ್ಬರೂ ನೋಡಿದೆವು. ಅಲ್ಲಿನ ಕೆಟ್ಟ ವರ್ಷಗಳಲ್ಲಿ ಒಂದು ಬೀದಿಯಲ್ಲಿ ಹೀಗೆಯೇ, ಎಂಟು, ಏಳು, ಏಳು, ಎಂಟು. ಅಲ್ಲೂ ಒಬ್ಬ ಅಪ್ಪ ಇದ್ದಿರಬೇಕು. ನಾಲ್ಕು ವರ್ಷ ನಾನು ನಂಬಿಕೆಯನ್ನು ಅಳೆಯುತ್ತಿದ್ದೇನೆ ಎಂದುಕೊಂಡಿದ್ದೆ. ಬಾಗಿಲಲ್ಲಿ ನಿಂತವನ ಹೆದರಿಕೆಯನ್ನು ಅಳೆಯುತ್ತಿದ್ದೆ.

ನೀವು ಕೇಳಿದ ಪಾಲಿನ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಹುಡುಕಿದೆ.

ಈಗ ಒಂದು ಮಾತು. ಇದು ನನ್ನ ಪ್ರಬಂಧಕ್ಕಿಂತ ಮೊದಲು ಅಮ್ಮನಿಗೆ ಸೇರಿದ್ದು. ಅವಳಿಗೆ ನೀವು ಹೇಳುವ ತನಕ ನಾನು ಒಂದು ಸಾಲೂ ಬರೆಯುವುದಿಲ್ಲ. ನಾನು ಹೇಳುವುದೂ ಇಲ್ಲ, ಅದು ನಿಮ್ಮ ಕೆಲಸ. ಜೂನ್ ರಜೆಗೆ ಬರುತ್ತೇನೆ ಎಂದಿದ್ದೆ. ಟಿಕೆಟ್ ರದ್ದು ಮಾಡಿದ್ದೇನೆ. ಅಮ್ಮನ ಎದುರು ಕೂತು ಗೊತ್ತಿಲ್ಲದವಳಂತೆ ಊಟ ಮಾಡಲು ನನ್ನಿಂದಾಗದು.

ಚೂಟಿ


ಜುಲೈ 6

ಚೂಟಿ,

ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೂರು ಪ್ಯಾಂಟಿನ ಅಂಚು ಬಾಕಿ ಇದೆ, ಅವರು ಬರುವುದರೊಳಗೆ ಮುಗಿಸಬೇಕು. ನನ್ನ ಬರಹ ನೋಡಿ ನಗಬೇಡ.

ನಿನ್ನ ಅಪ್ಪ ಹೋದ ಭಾನುವಾರ ಹೇಳಿದರು. ನೀನು ಕಾಗದ ಬರೆದು ಒಂದು ತಿಂಗಳಾದ ಮೇಲೆ. ಆ ತಿಂಗಳೆಲ್ಲ ಟ್ಯಾಂಕ್ ಎರಡು ಸಲ ತೊಳೆದರು, ಮೆಟ್ಟಿಲಿನ ಕಂಬಿಗೆ ಬಣ್ಣ ಹೊಡೆದರು. ಏನೋ ಇದೆ ಎಂದು ಗೊತ್ತಾಯಿತು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಹೊಲಿಗೆ ಮೆಷಿನ್ನಿನ ಚಕ್ರ ನೋಡಿಕೊಂಡು ಹೇಳಿದರು.

ನನಗೆ ಗೊತ್ತಿತ್ತು ಕಣೇ.

ಹಾಳೆ ಬರೆಸಿದ ದಿನ ಮಧ್ಯಾಹ್ನವೇ ನನ್ನ ತಮ್ಮ ಊಟಕ್ಕೆ ಬಂದಿದ್ದ. "ಭಾವ ಬಂದಿದ್ರು ಅಕ್ಕ, ಒಂದು ಅಂತ ಬರೆಸ್ದೆ. ಪಾಪ, ಚೀಟಿ ಹರಿಯೋದೇ ಮರೆತ್ರು, ಹೊಸಬರು ನೋಡು" ಎಂದು ನಕ್ಕ. ನಾನೂ ನಕ್ಕೆ. ಅವನನ್ನು ಕರೆದುಕೊಂಡು ಹೋದ ದಿನವೇ ನನಗೆ ಎಲ್ಲ ಹೊಂದಿತು. ಆ ಅರ್ಜಿಗಳಲ್ಲಿ ಕಾರಣ ತಿಳಿದಿಲ್ಲ ಎಂದು ಅವರು ಬರೆದಾಗ, ಓದಿಯೇ ಸಹಿ ಹಾಕಿದೆ.

ಯಾಕೆ ಸುಮ್ಮನಿದ್ದೆ ಎಂದು ನೀನು ಕೇಳುತ್ತೀಯ. ಮೊದಲು ಸಿಟ್ಟಿಗೆ. ಬಾಯಿ ತೆಗೆದರೆ ಏನು ಹೇಳುತ್ತೇನೋ ಎಂದು. ಆಮೇಲೆ ನೀನು ಹುಟ್ಟಿದೆ. ಆಮೇಲೆ ಅವರು ಮನೆಯಲ್ಲಿ ಏನನ್ನೂ ಕೇಳದೆ ತಿರುಗಾಡುವುದು ನೋಡಿ, ಈ ಮನುಷ್ಯ ಒಳಗೇ ಶಿಕ್ಷೆ ಅನುಭವಿಸುತ್ತಿದ್ದಾನೆ, ಮೇಲೊಂದು ಯಾಕೆ ಎಂದುಕೊಂಡೆ. ಸತ್ಯ ಹೇಳಬೇಕೆಂದರೆ, ಶಿಕ್ಷೆ ಅನುಭವಿಸಲಿ ಎಂದೂ ಅಂದುಕೊಂಡೆ. ಎರಡೂ ನಿಜ. ಅವರು ಹೇಳಲಿ ಎಂದು ನಾನು, ನನಗೆ ಗೊತ್ತಿಲ್ಲ ಎಂದು ಅವರು. ಮೂವತ್ತೊಂದು ವರ್ಷ ಚೆನ್ನಾಗಿದೀವಿ, ಚೆನ್ನಾಗಿದೀವಿ ಅಂತ ಒಬ್ಬರಿಗೊಬ್ಬರು ಏಳು ಬರೆದುಕೊಂಡು ಬಂದೆವು. ನಿನ್ನ ದೇಶಗಳ ಪಕ್ಕದಲ್ಲಿ ಈ ಮನೆಯನ್ನೂ ಇಟ್ಟು ನೋಡು.

ಕ್ಷಮಿಸಿದೆಯಾ ಎಂದು ಕೇಳಿದರೆ, ಗೊತ್ತಿಲ್ಲ. ನಿಮ್ಮ ಹಾಳೆಯಲ್ಲಿ ಗೊತ್ತಿಲ್ಲ ಎನ್ನುವುದಕ್ಕೆ ಜಾಗವಿದ್ದರೆ ಅಲ್ಲಿ ಗುರುತು ಹಾಕು. ಸುಸ್ತಾಗಿದೆ, ಅದು ಗೊತ್ತಿದೆ. ಆದರೆ ಸೋಮವಾರ ಬೆಳಿಗ್ಗೆ ಎದ್ದಾಗ ಬೆನ್ನಿನ ನೋವು ಬರೀ ಬೆನ್ನಿನದಾಗಿತ್ತು.

ನೀನು ಬರೆ. ನನ್ನ ತಮ್ಮನ ಹೆಸರು ಹಾಕುವಂತಿದ್ದರೆ ಹಾಕು. ಅವನು ಕೈ ತಪ್ಪಿ ಬರೆಸಿದವನಲ್ಲ.

ಪ್ಯಾಂಟಿನವರು ಬಂದರು.

ಅಮ್ಮ


ಜುಲೈ 9

ಚೂಟಿಗೆ,

ಅಮ್ಮನ ಕಾಗದದ ಹಿಂದೆಯೇ ಇದನ್ನು ಹಾಕುತ್ತಿದ್ದೇನೆ. ಅವಳು ಬರೆದದ್ದನ್ನು ನನಗೆ ತೋರಿಸಲಿಲ್ಲ. ತೋರಿಸು ಎಂದು ನಾನೂ ಹೇಳಲಿಲ್ಲ.

ಅವಳು ಕಪಾಟಿನಿಂದ ರೇಡಿಯೋ ಇಳಿಸಿ ಧೂಳು ಒರೆಸಿ ಮೆಷಿನ್ನಿನ ಪಕ್ಕ ಇಟ್ಟಿದ್ದಾಳೆ. ಹಚ್ಚಿದರೆ ಕರಕರ ಎನ್ನುತ್ತದೆ, ಮಾತು ಬರುವುದಿಲ್ಲ. ರಿಪೇರಿಗೆ ಕೊಡುವುದು ಬೇಡ ಎಂದಳು. ಅವನ ಕೈ ಆದ ಮೇಲೆ ಇನ್ನೊಬ್ಬರ ಕೈ ಬೇಡವಂತೆ.

ನಿನ್ನ ಪ್ರಬಂಧಕ್ಕೆ ಬೇಕಾದರೆ ಹದಿನಾಲ್ಕನೇ ನಂಬರಿನ ಸಮೀಕ್ಷಕ ನಾನೇ ಎಂದು ಸಹಿ ಮಾಡಿ ಕೊಡುತ್ತೇನೆ. ಯಾವ ಮನೆಯಲ್ಲಿ ಏನಾಯಿತೆಂದು ನೆನಪಿದ್ದಷ್ಟೂ ಬರೆಯುತ್ತೇನೆ. ಇನ್ನೂರ ಹನ್ನೊಂದು ಬಾಗಿಲು ನೆನಪಿವೆ. ನಿನ್ನ ವರ್ಷ ಒಂದು ನನ್ನಿಂದ ಹಾಳಾಯಿತು.

ನಿನ್ನೆ ಮಧ್ಯಾಹ್ನ ಅಂಗಡಿಗೆ ಹೋಗಿ ನಿನ್ನ ಅಮ್ಮನನ್ನು "ಊಟ ಆಯ್ತಾ?" ಎಂದು ಕೇಳಿದೆ. ಅವಳು ಸೂಜಿ ಕೆಳಗಿಟ್ಟು ನನ್ನನ್ನೇ ನೋಡಿದಳು. "ಇಲ್ಲ" ಎಂದಳು. ಆ ಉತ್ತರವನ್ನು ಏನು ಮಾಡಬೇಕೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಆಮೇಲೆ ಮನೆಗೆ ಬಂದು ಡಬ್ಬಿ ಕಟ್ಟಿಕೊಂಡು ಹೋದೆ.

ಈಗ ನಿನ್ನನ್ನು ಒಂದು ಕೇಳುತ್ತೇನೆ. ಇಷ್ಟೆಲ್ಲ ತಿಳಿದ ಮೇಲೆ ನೀನು ಈ ಮನೆಗೆ ಬರುತ್ತೀಯಾ?

ನನ್ನ ಮನಸ್ಸಿಗೆ ಹಿತವಾಗಲೆಂದು ಬರೆಯಬೇಡ. ಇಲ್ಲ ಎಂದಿದ್ದರೆ ಇಲ್ಲ ಎಂದೇ ಬರೆ. ನೀನು ಏನು ಬರೆದರೂ ಅದನ್ನು ನಾನು ತಿದ್ದುವುದಿಲ್ಲ.

ಇತಿ,
ಅಪ್ಪ